ಅಪ್ಪ ಕಂಡ ಯುದ್ಧವನ್ನು ಎಲ್ಲಿ ಹೋಗಿ ನೋಡುವುದು?

ಪ್ರಶ್ನೆ: ನಮ್ಮ ತಂದೆ 1971ರ ಯುದ್ಧದ ಹೊತ್ತಿಗೆ ಐಎನ್‌ಎಸ್ ಮೈಸೂರ್ ಹಡಗಿನಲ್ಲಿ ನಾವಿಕರಾಗಿದ್ದರು. ಹೋದ ವರ್ಷ ತೀರಿಕೊಂಡರು. ಅವರು ಇದ್ದಾಗ ಯುದ್ಧದ ಬಗ್ಗೆ ಜಾಸ್ತಿ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಈಗ ಅವ್ವ ಒಂದೇ ಸಮನೆ, "ಅವರು ಇದ್ದಂಥ ಹಡಗು ಒಮ್ಮೆ ನೋಡಬೇಕು" ಅಂತಾರೆ. ಅವ್ವನಿಗೆ 72 ವರ್ಷ, ಮೊಣಕಾಲು ನೋವು. ಮಗ ಒಂಬತ್ತನೇ ಕ್ಲಾಸು, ಅವನಿಗೆ ಸಬ್‌ಮರೀನ್ ನೋಡುವ ಆಸೆ. ಎಲ್ಲರೂ ವಿಶಾಖಪಟ್ಟಣಕ್ಕೆ ಹೋಗಿ ಅನ್ನುತ್ತಾರೆ. ಡಿಸೆಂಬರ್‌ನಲ್ಲಿ ನಾಲ್ಕೈದು ದಿನ ರಜೆ ಸಿಗುತ್ತದೆ. ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು ತಿಳಿಸಿ. — ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ತಂದೆಯವರಿಗೆ ಮೊದಲು ನನ್ನ ನಮಸ್ಕಾರ.

ಅವ್ವಾರಿಗೆ ಒಂದು ಮಾತನ್ನು ಮುಂಚೆಯೇ ಹೇಳಿಬಿಡಿ. ನಿಮ್ಮ ತಂದೆಯವರಿದ್ದ ಆ ಮೈಸೂರ್ ಹಡಗು ಈಗ ಇಲ್ಲ. ಬ್ರಿಟಿಷರ ಕಾಲದಲ್ಲಿ ಅದರ ಹೆಸರು ನೈಜೀರಿಯಾ. 1957ರಲ್ಲಿ ನಮ್ಮ ನೌಕಾಪಡೆಗೆ ಬಂದು ಮೈಸೂರ್ ಆಯಿತು. 1985ರಲ್ಲಿ ಸೇವೆಯಿಂದ ಇಳಿದು, ಆಮೇಲೆ ಗುಜರಿಗೆ ಹೋಯಿತು. ಈಗಲೂ ಐಎನ್‌ಎಸ್ ಮೈಸೂರ್ ಅಂತ ಒಂದು ಹಡಗಿದೆ. ಅದು 1999ರಲ್ಲಿ ಸೇವೆಗೆ ಬಂದ ಹೊಸ ಡೆಸ್ಟ್ರಾಯರ್. ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದೆ. ಆದರೆ ಅದು ಕೆಲಸದಲ್ಲಿರುವ ಯುದ್ಧನೌಕೆ, ಹೋಗಿ ಹತ್ತಿ ನೋಡುವಂಥದ್ದಲ್ಲ. ಅಷ್ಟು ದೂರ ಹೋದ ಮೇಲೆ ಅವ್ವಾರು "ಎಲ್ಲಿದೆ ಹಡಗು?" ಅಂತ ಕೇಳುವ ಹಾಗೆ ಆಗಬಾರದು. ಅದಕ್ಕೇ ಇದನ್ನು ಮೊದಲು ಹೇಳಿದೆ.

ಹಾಗಿದ್ದರೆ ನೋಡಲು ಏನು ಉಳಿದಿದೆ? ಬೇಕಾದಷ್ಟು ಉಳಿದಿದೆ. ಆದರೆ ಎಲ್ಲವೂ ಒಂದೇ ಥರದ್ದಲ್ಲ. ಕೆಲವು ಆ ಯುದ್ಧ ಕಂಡ ಹಡಗುಗಳೇ. ಕೆಲವು ಅದೇ ಜಾತಿಯವು, ಆದರೆ ಯುದ್ಧ ಮುಗಿದ ಮೇಲೆ ಬಂದವು. ಇನ್ನು ಕೆಲವು ಸ್ಮಾರಕಗಳು, ಅಲ್ಲಿ ಇರುವುದು ಮಾದರಿ ಮತ್ತು ನೆನಪು ಮಾತ್ರ. ಯಾವುದು ಯಾವುದು ಅಂತ ಗೊತ್ತಿದ್ದು ಹೋದರೆ ನೋಡಿದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಗೊತ್ತಿಲ್ಲದೆ ಹೋದರೆ ಸುಮ್ನೆ ಫೋಟೋ ತೆಗೆದುಕೊಂಡು ಬರುವುದಾಗುತ್ತದೆ.

ಹೊರಡುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿ. ತಂದೆಯವರ ಪದಕಗಳ ಡಬ್ಬಿ ಇದ್ದರೆ ತೆಗೆಯಿರಿ. 1971ರಲ್ಲಿ ಪಶ್ಚಿಮದ ಕಾರ್ಯಾಚರಣೆಯಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್ ಕೊಟ್ಟರು. ಸಂಗ್ರಾಮ್ ಮೆಡಲ್ ಅಂತ ಇನ್ನೊಂದಿದೆ. ದುಂಡಗಿನ ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸೇವಾ ಸಂಖ್ಯೆ ಮತ್ತು ಹೆಸರು ಒತ್ತಿರುತ್ತಾರೆ. ಉಜ್ಜಿ ಉಜ್ಜಿ ಹೊಳಪು ಮಾಡಬೇಡಿ, ಅಕ್ಷರ ಸವೆದು ಹೋಗುತ್ತವೆ. ಮಗನ ಕೈಯಲ್ಲಿ ಅದನ್ನು ಓದಿಸಿ. ಅಜ್ಜ ಯಾವ ಕಡಲಲ್ಲಿ ಇದ್ದರು ಅನ್ನುವುದು ಅವನಿಗೆ ಅಲ್ಲಿಂದಲೇ ಶುರುವಾಗಲಿ.

ಮೈಸೂರ್ ಆಗ ಪಶ್ಚಿಮ ನೌಕಾದಳದ ಮುಖ್ಯ ಹಡಗು. ದಳದ ನಾಯಕ ರಿಯರ್ ಅಡ್ಮಿರಲ್ ಕುರುವಿಲ್ಲ ಅವರ ಧ್ವಜ ಹಾರುತ್ತಿದ್ದದ್ದು ಅದರ ಮೇಲೆಯೇ. ಅಂದರೆ ನಿಮ್ಮ ತಂದೆಯವರ ಯುದ್ಧ ಅರಬ್ಬಿ ಸಮುದ್ರದ್ದು. ವಿಶಾಖಪಟ್ಟಣ ಬಂಗಾಳ ಕೊಲ್ಲಿಯ ಕಡೆಯದು. ಅಲ್ಲಿ ನೋಡುವುದು ಬಹಳ ಇದೆ ನಿಜ, ಆದರೆ ಅದು ಬೇರೆ ಕಥೆ. ಅದಕ್ಕೇ ನಾನು ಹೇಳುವುದು ಇಷ್ಟು: ಈ ಡಿಸೆಂಬರ್‌ನಲ್ಲಿ ಅವ್ವಾರನ್ನು ಕರೆದುಕೊಂಡು ಕಾರವಾರ ಮತ್ತು ಗೋವಾ ಮಾಡಿ. ವಿಶಾಖಪಟ್ಟಣ ಮಗನಿಗಾಗಿ ಇನ್ನೊಂದು ಸಲ. ಗುಜರಾತ್ ತೀರದ ದಿಯುಗೆ ಮಾತ್ರ ಅವ್ವಾರ ಮನಸ್ಸು ನೋಡಿಕೊಂಡು ಹೋಗಿ. ಮೂರನ್ನೂ ಒಂದೇ ಪ್ರವಾಸದಲ್ಲಿ ತುರುಕಬೇಡಿ.

ಕಾರವಾರ ಹುಬ್ಬಳ್ಳಿಯಿಂದ ಸುಮಾರು 165 ಕಿಲೋಮೀಟರ್. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾರಿ. ಧಾರವಾಡದಿಂದ ಹಳಿಯಾಳದ ಮೇಲೆ ಬಂದು ಯಲ್ಲಾಪುರದಲ್ಲಿ ಸೇರಿಕೊಳ್ಳಬಹುದು. ಹಾವೇರಿ ಕಡೆಯವರು ಶಿರಸಿ, ಕುಮಟಾ ಮೇಲೆ ಬರಬಹುದು. ಘಟ್ಟದಲ್ಲಿ ಲಾರಿಗಳು ಜಾಸ್ತಿ. ಬೆಳಿಗ್ಗೆ ಬೇಗ ಬಿಟ್ಟು, ಯಲ್ಲಾಪುರದಲ್ಲಿ ನಾಷ್ಟಾ ಮಾಡಿ, ಅವ್ವಾರಿಗೆ ಕಾಲು ಚಾಚಿ ಕೂರಲು ಒಂದಿಷ್ಟು ಹೊತ್ತು ಕೊಡಿ. ಮಳೆಗಾಲದಲ್ಲಿ ಈ ಪ್ರವಾಸ ಬೇಡವೇ ಬೇಡ. ಘಟ್ಟವೂ ಕಷ್ಟ, ಹಡಗಿನ ಕಬ್ಬಿಣದ ಮೆಟ್ಟಿಲೂ ಜಾರುತ್ತದೆ. ಡಿಸೆಂಬರ್ ಒಳ್ಳೆಯ ಕಾಲ.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಐಎನ್‌ಎಸ್ ಚಪಲ್ ನಿಂತಿದೆ. ಇದರ ಬಗ್ಗೆ ಒಂದು ತಪ್ಪು ಮಾತು ಎಲ್ಲ ಕಡೆ ಓಡಾಡುತ್ತದೆ: 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ಹಡಗು ಇದೇ ಅಂತ. ಅಲ್ಲ. ಚಪಲ್ ನೌಕಾಪಡೆಗೆ ಬಂದದ್ದು 1976ರಲ್ಲಿ, ಯುದ್ಧ ಮುಗಿದು ಐದು ವರ್ಷ ಆದ ಮೇಲೆ. 2005ರಲ್ಲಿ ನಿವೃತ್ತಿಯಾಗಿ ಇಲ್ಲಿ ಮ್ಯೂಸಿಯಂ ಆಯಿತು. ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್. 1971ರ ಡಿಸೆಂಬರ್ 4ರ ರಾತ್ರಿ. ನಾಲ್ಕು ದಿನದ ಮೇಲೆ ಮತ್ತೆ ಹೋದದ್ದು ವಿನಾಶ್. ನಾವು ಡಿಸೆಂಬರ್ 4ರಂದು ನೌಕಾಪಡೆ ದಿನ ಆಚರಿಸುವುದು ಆ ಮೊದಲ ರಾತ್ರಿಯ ನೆನಪಿಗೆ. ಚಪಲ್ ಅವುಗಳ ನಂತರದ ಪೀಳಿಗೆ. ಎರಡೂ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಓಸಾ ಜಾತಿಯ ಕ್ಷಿಪಣಿ ದೋಣಿಗಳು.

ವ್ಯತ್ಯಾಸವನ್ನು ಮಗ ತನ್ನ ಕಣ್ಣಿಂದಲೇ ಕಂಡುಹಿಡಿಯಬಹುದು. ಚಪಲ್‌ನ ಎರಡೂ ಬದಿಗೆ ಎರಡೆರಡು ಕ್ಷಿಪಣಿ ಗೂಡುಗಳಿವೆ, ಒಟ್ಟು ನಾಲ್ಕು. ಮುಂದಕ್ಕೆ ಬಾಯಿ ಎತ್ತಿಕೊಂಡು ಓರೆಯಾಗಿ ಕೂತಿವೆ. ಅವು ದುಂಡಗಿನ ಕೊಳವೆಗಳು, ಮೈಮೇಲೆ ಸುತ್ತು ಪಟ್ಟಿ ಇರುತ್ತದೆ. 1971ರ ದೋಣಿಗಳಲ್ಲಿ ಇದ್ದದ್ದು ಚೌಕನೆಯ ಪೆಟ್ಟಿಗೆಯಂಥ ಗೂಡು. ಹಳೆಯ ಕಪ್ಪು-ಬಿಳುಪು ಫೋಟೋ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ಪಕ್ಕದಲ್ಲಿ ನಿಂತು ಹೋಲಿಸಲಿ. ಪ್ರತಿ ಗೂಡಿನಲ್ಲೂ ಒಂದೇ ಕ್ಷಿಪಣಿ. ಉದ್ದ ಆರು ಮೀಟರಿಗೆ ಸ್ವಲ್ಪ ಕಡಿಮೆ, ತೂಕ ಎರಡು ಟನ್ನಿಗೂ ಮೇಲೆ. ನಾಲ್ಕು ಹಾರಿಸಿದರೆ ಮುಗಿಯಿತು, ಮತ್ತೆ ತುಂಬಬೇಕಾದರೆ ಬಂದರಿಗೇ ಬರಬೇಕು. ಇಂಥ ಸಣ್ಣ ದೋಣಿಯನ್ನು ಮಾಡಿದ್ದೇ ಸ್ವಂತ ತೀರ ಕಾಯಲಿಕ್ಕೆ. ಅದನ್ನು ಶತ್ರುವಿನ ಬಂದರಿನ ತನಕ ಒಯ್ದದ್ದು ಆ ದಾಳಿಯ ದೊಡ್ಡ ಧೈರ್ಯ. ಆ ರಾತ್ರಿ ಪಾಕಿಸ್ತಾನದ ಡೆಸ್ಟ್ರಾಯರ್ ಖೈಬರ್ ಮುಳುಗಿತು, ಮುಹಾಫಿಜ್ ಅನ್ನುವ ಇನ್ನೊಂದು ಹಡಗೂ ಮುಳುಗಿತು.

ಚಪಲ್ ಉದ್ದ 39 ಮೀಟರಿಗೆ ಸ್ವಲ್ಪ ಕಡಿಮೆ. ನಿಮ್ಮ ತಂದೆಯವರ ಮೈಸೂರ್ 169 ಮೀಟರ್. ನಾಲ್ಕು ಚಪಲ್‌ಗಳನ್ನು ಹಿಂದೆ ಮುಂದೆ ನಿಲ್ಲಿಸಿದರೂ ಒಂದು ಮೈಸೂರ್ ಆಗುವುದಿಲ್ಲ. ಇದನ್ನು ಅಲ್ಲೇ ಮರಳಿನ ಮೇಲೆ ಹೆಜ್ಜೆ ಹಾಕಿ ಅಳೆದು ಅವ್ವಾರಿಗೆ ತೋರಿಸಿ. "ಅವರ ಹಡಗು ಇಲ್ಲಿಂದ ಅಲ್ಲಿ ತನಕ ಇತ್ತು" ಅಂತ ಕಣ್ಣಿಗೆ ಕಂಡರೆ, ಹಡಗು ಇಲ್ಲದಿದ್ದರೂ ಅದರ ಗಾತ್ರವಾದರೂ ಅವರಿಗೆ ಸಿಗುತ್ತದೆ. ಇಂಥ ದೋಣಿಯಲ್ಲಿ ಇರುತ್ತಿದ್ದವರು ಮೂವತ್ತರ ಹತ್ತಿರ ಜನ. ಮೈಸೂರ್‌ನಲ್ಲಿ ನೂರಾರು ಮಂದಿ. ಒಂದು ಊರೇ ತೇಲುತ್ತಿತ್ತು ಅನ್ನಬಹುದು.

ಚಪಲ್ ಒಳಗೆ ಹೋಗಲು ಮೆಟ್ಟಿಲು ಹತ್ತಬೇಕು, ಒಳಗೆ ದಾರಿ ಇಕ್ಕಟ್ಟು, ಏಣಿ ಕಡಿದಾಗಿದೆ. ಮೊಣಕಾಲು ನೋವಿರುವವರಿಗೆ ಅದು ಬೇಡ. ಮೊದಲೇ ಹೇಳಿಬಿಟ್ಟರೆ ಅವ್ವಾರಿಗೂ ಬೇಸರ ಆಗುವುದಿಲ್ಲ. ನೀವು, ಮಗ ಒಳಗೆ ಹೋಗಿ ಬನ್ನಿ. ಕ್ಯಾಪ್ಟನ್, ನಾವಿಕರ ಗೊಂಬೆಗಳನ್ನು ಇಟ್ಟು ಯಾರು ಎಲ್ಲಿ ಕೂತು ಕೆಲಸ ಮಾಡುತ್ತಿದ್ದರು ಅಂತ ತೋರಿಸಿದ್ದಾರೆ. ಮಲಗುವ ಜಾಗವನ್ನು ಗಮನಿಸಿ ನೋಡಿ. ಹೊರಗೆ ಬಂದು ಅವ್ವಾರಿಗೆ ವರದಿ ಒಪ್ಪಿಸುವ ಕೆಲಸ ಮಗನಿಗೆ ಇರಲಿ. ಹೊರಗಿನಿಂದಲೂ ಹಡಗು ಪೂರ್ತಿ ಕಾಣುತ್ತದೆ, ಗೂಡುಗಳು, ಮುಂದೆ ಹಿಂದೆ ಇರುವ ತೋಪುಗಳು, ಎಲ್ಲ.

ಪಕ್ಕದಲ್ಲೇ ಈಗ ಟುಪೊಲೆವ್ 142 ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಸಬ್‌ಮರೀನ್ ಹುಡುಕುವ ಭಾರೀ ವಿಮಾನ, ರೆಕ್ಕೆಯ ಅಗಲವೇ 50 ಮೀಟರ್. 1988ರಿಂದ 2017ರ ತನಕ ಈ ಜಾತಿಯ ಎಂಟು ವಿಮಾನ ನೌಕಾಪಡೆಯಲ್ಲಿದ್ದವು. ಇದೂ ಯುದ್ಧದ ನಂತರದ್ದು. ಆದರೆ 1971ರಲ್ಲಿ ನಮ್ಮ ಒಂದು ಹಡಗು ಸಬ್‌ಮರೀನ್‌ಗೆ ಬಲಿಯಾಯಿತು. ಇಂಥ ವಿಮಾನ ನೌಕಾಪಡೆಗೆ ಯಾಕೆ ಬೇಕಿತ್ತು ಅಂತ ಮಗ ಕೇಳಿದರೆ ಖುಕ್ರಿಯ ಕಥೆ ಹೇಳಿ. ಕೆಳಗೆ ಬರೆದಿದ್ದೇನೆ.

ಅಲ್ಲೇ ಎದುರಿಗೆ ಮೇಜರ್ ರಾಮಾ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ಕಾರವಾರದ ಹತ್ತಿರದ ಚೆಂಡಿಯಾ ಊರಿನವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟವರು. ಪರಮವೀರ ಚಕ್ರ ಪಡೆದು ಅದನ್ನು ಬದುಕಿದ್ದಾಗಲೇ ಸ್ವೀಕರಿಸಿದವರಲ್ಲಿ ಅವರೇ ಮೊದಲಿಗರು. ನೌಕಾಪಡೆಯವರಲ್ಲ, ಸೈನ್ಯದವರು. ಆದರೂ ಕೈಮುಗಿದು ಬನ್ನಿ. ಹಡಗಿನ ಮುಂದೆ ಫೋಟೋ ತೆಗೆಸಿಕೊಂಡು ಹಾಗೇ ಹೊರಟುಬಿಡುವವರೇ ಜಾಸ್ತಿ, ನೋಡಿದರೆ ಸಂಕಟ ಆಗುತ್ತದೆ.

ಕಾರವಾರಕ್ಕೂ ಮೈಸೂರ್ ಹಡಗಿಗೂ ಇನ್ನೊಂದು ನಂಟಿದೆ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ನಡೆದಾಗ ಕಾರವಾರದ ಹತ್ತಿರದ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ಬಿಡಿಸಲು ಬಂದ ಹಡಗುಗಳು ತ್ರಿಶೂಲ್ ಮತ್ತು ಮೈಸೂರ್. ನಾವಿಕರು ದೋಣಿಯಲ್ಲಿ ಹೋಗಿ ದ್ವೀಪಕ್ಕೆ ಇಳಿದು ಹೋರಾಡಿದರು, ಏಳು ಜನ ಪ್ರಾಣ ಕೊಟ್ಟರು. ದ್ವೀಪ ಈಗ ಐಎನ್‌ಎಸ್ ಕದಂಬ ನೌಕಾನೆಲೆಯ ಒಳಗಿದೆ, ಜನರಿಗೆ ಪ್ರವೇಶವಿಲ್ಲ. ತಂದೆಯವರು ಆ ಹಡಗಿಗೆ ಸೇರುವ ಮುಂಚಿನ ಮಾತಿದು. ಆದರೂ ಅದೇ ಹಡಗು ಇದೇ ನೀರಿನಲ್ಲಿ ನಿಂತಿತ್ತು. ಅವ್ವಾರು ತೀರದಲ್ಲಿ ಕೂತಿರುವಾಗ ಇದನ್ನು ಹೇಳಿ. ನನ್ನ ಮಟ್ಟಿಗೆ ಈ ಪ್ರವಾಸದಲ್ಲಿ ಅವರಿಗೆ ಸಿಗುವ ದೊಡ್ಡ ವಿಷಯ ಇದೇ.

ನೌಕಾಪಡೆ ದಿನದ ಆಸುಪಾಸಿನಲ್ಲಿ ಕೆಲವು ವರ್ಷ ನೆಲೆಯಲ್ಲಿ ಯುದ್ಧನೌಕೆಗಳನ್ನು ಜನರಿಗೆ, ಶಾಲೆ ಮಕ್ಕಳಿಗೆ ತೆರೆದು ತೋರಿಸುವುದುಂಟು. ನವೆಂಬರ್ ಕೊನೆಯಲ್ಲಿ ಕಾರವಾರದ ಪತ್ರಿಕೆಗಳ ಮೇಲೆ ಕಣ್ಣಿಡಿ. ಎಲ್ಲರ ಆಧಾರ್ ಕಾರ್ಡ್ ಕೈಯಲ್ಲಿರಲಿ. ತಂದೆಯವರ ನಿವೃತ್ತಿ ದಾಖಲೆ, ಅವ್ವಾರ ಪಿಂಚಣಿ ಕಾರ್ಡ್ ಇದ್ದರೆ ಅವನ್ನೂ ಒಯ್ಯಿರಿ. ಹಳೆಯ ನಾವಿಕರೊಬ್ಬರ ಮನೆಯವರು ಅಂತ ತಿಳಿದರೆ ಅಲ್ಲಿನವರು ಎದ್ದು ನಿಂತು ಮಾತಾಡಿಸುತ್ತಾರೆ.

ರಾತ್ರಿ ಕಾರವಾರದಲ್ಲಿ ಉಳಿದು ಮರುದಿನ ಗೋವಾಕ್ಕೆ ಹೋಗಿ. ಕೊಂಕಣ ರೈಲಿನಲ್ಲಿ ಮಡಗಾಂವ್ ತನಕ ಹೋಗಬಹುದು, ಕಾರಿದ್ದರೆ ಇನ್ನೂ ಆರಾಮ. ವಾಸ್ಕೋ ಹತ್ತಿರ, ಬೋಗ್ಮಾಲೋ ರಸ್ತೆಯಲ್ಲಿ, ದಾಬೋಲಿಮ್ ವಿಮಾನ ನಿಲ್ದಾಣದ ಪಕ್ಕದಲ್ಲೇ ನೌಕಾ ವಿಮಾನ ಮ್ಯೂಸಿಯಂ ಇದೆ. ವಿಮಾನಗಳು ಬಯಲಿನಲ್ಲೇ ನಿಂತಿವೆ, ಏಣಿ ಹತ್ತುವ ಕೆಲಸ ಇಲ್ಲ, ಅವ್ವಾರಿಗೆ ಇದೇ ಅನುಕೂಲ. ಸೀ ಹಾಕ್ ಮತ್ತು ಅಲೀಜೆ ವಿಮಾನಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಇದೇ ಜಾತಿಯ ವಿಮಾನಗಳು 1971ರ ಡಿಸೆಂಬರ್ 4ರಿಂದ ವಿಕ್ರಾಂತ್ ಹಡಗಿನಿಂದ ಹಾರಿ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದ್ದು. ವಿಕ್ರಾಂತ್‌ನ ಒಂದು ಬಾಯ್ಲರ್ ಆಗ ಕೆಟ್ಟಿತ್ತು, ಪೂರ್ತಿ ವೇಗ ಸಿಗುತ್ತಿರಲಿಲ್ಲ. ಹಾಗಿದ್ದೂ ವಿಮಾನ ಹಾರಿಸಿದರು. ಆ ಹಡಗನ್ನೂ ಉಳಿಸಿಕೊಳ್ಳಲಿಲ್ಲ, 2014ರಲ್ಲಿ ಒಡೆದು ಹಾಕಿದರು. ನಮ್ಮ ಮಕ್ಕಳು ಹತ್ತಿ ನೋಡಬೇಕಾದ ಹಡಗಾಗಿತ್ತು ಅದು. ಎರಡು ಗಂಟೆ ಸಾಕು ಇಲ್ಲಿಗೆ. ವಾರದ ರಜೆ ಯಾವತ್ತು ಅಂತ ಹಿಂದಿನ ದಿನ ವಿಚಾರಿಸಿಕೊಳ್ಳಿ.

ಕಾರು ಇಲ್ಲದಿದ್ದರೆ ವಾಪಸ್ ಬರುವಾಗ ವಾಸ್ಕೋ ಅಥವಾ ಮಡಗಾಂವ್‌ನಿಂದ ರೈಲು ಹಿಡಿಯಿರಿ. ದೂಧಸಾಗರ, ಲೋಂಡಾ ಮೇಲೆ ಹುಬ್ಬಳ್ಳಿಗೆ ಬರುವ ರೈಲು ನೋಡಿ. ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ಅದು ಲೋಂಡಾದಿಂದ ಬೆಳಗಾವಿ ಕಡೆ ಹೋಗುತ್ತದೆ, ಗಮನವಿರಲಿ.

ಇನ್ನು ಮಗನ ಸಬ್‌ಮರೀನ್. ವಿಶಾಖಪಟ್ಟಣದ ಐಎನ್‌ಎಸ್ ಕುರ್ಸುರಾ 1971ರ ಯುದ್ಧ ಕಂಡ ಹಡಗೇ. ಬೇರೆಯದರ ಬದಲಿಗೆ ಇಟ್ಟದ್ದಲ್ಲ, ಮಾದರಿಯೂ ಅಲ್ಲ. 1969ರಲ್ಲಿ ಸೇವೆಗೆ ಬಂತು. ಯುದ್ಧದಲ್ಲಿ ಅರಬ್ಬಿ ಸಮುದ್ರದಲ್ಲೇ ಗಸ್ತು ಮಾಡಿತು, ಅಂದರೆ ಅವನ ಅಜ್ಜ ಇದ್ದ ಕಡಲಲ್ಲೇ. 2001ರಲ್ಲಿ ನಿವೃತ್ತಿ, 2002ರಲ್ಲಿ ಆರ್‌ಕೆ ಬೀಚ್‌ನಲ್ಲಿ ಮ್ಯೂಸಿಯಂ. ಉದ್ದ 91 ಮೀಟರ್. ಒಳಗೆ ನಿವೃತ್ತ ನಾವಿಕರೇ ಮಾರ್ಗದರ್ಶಕರಾಗಿ ಇರುತ್ತಾರೆ. ಅವರನ್ನು ಕೇಳಬೇಕಾದ್ದು ದೊಡ್ಡ ಪ್ರಶ್ನೆಗಳನ್ನಲ್ಲ. ನೀರು ಎಷ್ಟು ಕೊಡುತ್ತಿದ್ದರು? ಬಟ್ಟೆ ಒಗೆಯುವುದು ಹೇಗೆ? ಹಗಲು ರಾತ್ರಿ ಹೇಗೆ ಗೊತ್ತಾಗುತ್ತಿತ್ತು? ಇಂಥದ್ದು ಕೇಳಿದರೆ ಅವರ ಮುಖ ಅರಳುತ್ತದೆ, ಮಾತು ತಾನೇ ಬರುತ್ತದೆ. ಟಾರ್ಪೆಡೊ ಇರುವ ಕೋಣೆಯಲ್ಲೇ ಮಲಗುವ ಹಾಸಿಗೆ ಇರುವುದನ್ನು ನೋಡಲಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ತಗ್ಗಿ ದಾಟಬೇಕು. ಅವ್ವಾರಿಗೆ ಇದು ಆಗುವುದಿಲ್ಲ, ಖಂಡಿತ ಬೇಡ. ಒಳಗೆ ಗಾಳಿ ಕಡಿಮೆ ಅನ್ನಿಸುವವರೂ ಯೋಚಿಸಿ. ಸೋಮವಾರ ರಜೆ ಇರುತ್ತದೆ, ಉಳಿದ ದಿನಗಳಲ್ಲಿ ತೆರೆಯುವ ಹೊತ್ತು ಒಂದೇ ಇರುವುದಿಲ್ಲ. ಸಾಯಂಕಾಲದ ಮೇಲೆ ಇಟ್ಟುಕೊಳ್ಳಿ.

ಅದೇ ಬೀಚ್ ರಸ್ತೆಯಲ್ಲಿ ವಿಕ್ಟರಿ ಅಟ್ ಸೀ ಸ್ಮಾರಕ ಇದೆ, 1996ರದ್ದು. ಡಿಸೆಂಬರ್ 4ರಂದು ನೌಕಾಪಡೆಯವರು ಅಲ್ಲಿ ಹೂಮಾಲೆ ಇಡುತ್ತಾರೆ. ಆ ಊರಿನ ಕಥೆ ಘಾಜಿಯದು. ವಿಕ್ರಾಂತ್ ಹುಡುಕಿಕೊಂಡು ಬಂದ ಪಾಕಿಸ್ತಾನದ ಸಬ್‌ಮರೀನ್ ಘಾಜಿ, ಡಿಸೆಂಬರ್ 3 ಮತ್ತು 4ರ ನಡುರಾತ್ರಿ ವಿಶಾಖಪಟ್ಟಣದ ಹೊರಗೇ ಮುಳುಗಿತು. ವಿಕ್ರಾಂತ್ ಆಗ ಅಂಡಮಾನ್ ಕಡೆ ಇತ್ತು. ಅದು ಇಲ್ಲೇ ಇದೆ ಅನ್ನಿಸುವ ಹಾಗೆ ರಾಜಪೂತ್ ಎಂಬ ಹಳೆಯ ಡೆಸ್ಟ್ರಾಯರ್‌ನಿಂದ ಸಂದೇಶ ಕಳಿಸಿ ಮೋಸಗೊಳಿಸಿದ್ದರು. ರಾಜಪೂತ್ ಹಾಕಿದ ಬಾಂಬಿನಿಂದಲೇ ಮುಳುಗಿತು ಅಂತ ನಾವು ಹೇಳುತ್ತೇವೆ. ತಮ್ಮದೇ ಸ್ಫೋಟ ಅಂತ ಅವರು ಹೇಳುತ್ತಾರೆ. ಮಗನಿಗೆ ಎರಡನ್ನೂ ಹೇಳಿ. ಒಳಗಿದ್ದ ತೊಂಬತ್ತಕ್ಕೂ ಜಾಸ್ತಿ ಜನರಲ್ಲಿ ಒಬ್ಬರೂ ಉಳಿಯಲಿಲ್ಲ ಅನ್ನುವುದನ್ನೂ ಹೇಳಿ.

ರೈಲಿಗೆ ಕಷ್ಟ ಇಲ್ಲ. ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ, ವಿಜಯವಾಡ ಮೇಲೆ ಆ ಕಡೆ ಹೋಗುತ್ತದೆ. ದಿನಾ ಇಲ್ಲ, ವಾರಕ್ಕೆ ಕೆಲವೇ ದಿನ. ಟಿಕೆಟ್ ಮುಂಚೆಯೇ ಮಾಡಿಸಿ. ಗದಗಿನ ಓದುಗರಿಗೂ ಇದೇ ದಾರಿ. ಮಗನಿಗೆ ನೌಕಾಪಡೆ ಸೇರುವ ಮನಸ್ಸಿದ್ದರೆ, ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಹೋಗಲು ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕು. ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ಇದು ತಲೆಯಲ್ಲಿರಲಿ.

ಕೊನೆಗೆ ದಿಯು. ನಿಮ್ಮ ತಂದೆಯವರ ಯುದ್ಧಕ್ಕೆ ಎಲ್ಲಕ್ಕಿಂತ ಹತ್ತಿರದ ಜಾಗ ಇದು. 1971ರ ಡಿಸೆಂಬರ್ 9ರ ರಾತ್ರಿ, ದಿಯು ತೀರದಾಚೆ, ಸಬ್‌ಮರೀನ್ ಹುಡುಕಲು ಹೋಗಿದ್ದ ಐಎನ್‌ಎಸ್ ಖುಕ್ರಿಯನ್ನು ಪಾಕಿಸ್ತಾನದ ಸಬ್‌ಮರೀನ್ ಹಂಗೋರ್ ಟಾರ್ಪೆಡೊ ಹೊಡೆದು ಮುಳುಗಿಸಿತು. ಎಲ್ಲ ನಿಮಿಷಗಳಲ್ಲಿ ಮುಗಿದುಹೋಯಿತು. 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆಗೇ ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಲೈಫ್ ಜಾಕೆಟ್ ಒಬ್ಬ ನಾವಿಕನಿಗೆ ಕೊಟ್ಟು ತಾವು ಹಡಗು ಬಿಡಲಿಲ್ಲ ಅಂತ ಬದುಕಿ ಬಂದವರು ಹೇಳಿದ್ದಾರೆ. ಅವರಿಗೆ ಮರಣಾನಂತರ ಮಹಾವೀರ ಚಕ್ರ ಬಂತು. ಬದುಕಿದವರನ್ನು ಮರುದಿನ ನೀರಿನಿಂದ ಎತ್ತಿದ್ದು ಕಚಾಲ್ ಹಡಗು. ನಿಮ್ಮ ತಂದೆಯವರು ಯುದ್ಧದ ಮಾತು ಆಡದೆ ಇದ್ದದ್ದಕ್ಕೆ ಕಾರಣ ನನಗೆ ತಿಳಿಯದು. ಆದರೆ ಪಶ್ಚಿಮದ ಹಡಗುಗಳಲ್ಲಿ ಇದ್ದವರಿಗೆ ಖುಕ್ರಿಯಲ್ಲಿ ಗೆಳೆಯರು, ಒಟ್ಟಿಗೆ ಟ್ರೈನಿಂಗ್ ಮಾಡಿದವರು ಇದ್ದದ್ದು ಸಹಜ.

ಸ್ಮಾರಕ ಸಮುದ್ರಕ್ಕೆ ಮುಖ ಮಾಡಿದ ಸಣ್ಣ ದಿಬ್ಬದ ಮೇಲಿದೆ. ಇರುವುದು ಆ ಹಡಗಿನ ಮಾದರಿ. ಹಡಗು ಅಲ್ಲೇ ಎದುರಿನ ಕಡಲ ತಳದಲ್ಲಿದೆ. ಖುಕ್ರಿ ಹೆಸರಿನ ಎರಡನೇ ಹಡಗು, 1989ರಲ್ಲಿ ಸೇವೆಗೆ ಬಂದದ್ದು, 2021ರಲ್ಲಿ ನಿವೃತ್ತಿಯಾಗಿ ಅದೂ ದಿಯು ಸೇರಿದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಹತ್ತಿ ನೋಡುವುದು ಎರಡನೆಯದು, ಕೈಮುಗಿಯುವುದು ಮೊದಲನೆಯದಕ್ಕೆ.

ದಾರಿ ಉದ್ದ. ಮುಂಬೈ ತನಕ ಹೋಗಿ, ಬಾಂದ್ರಾದಿಂದ ವೆರಾವಲ್‌ಗೆ ನೇರ ರೈಲು. ಅಲ್ಲಿಂದ ರಸ್ತೆಯಲ್ಲಿ ಎರಡು ಗಂಟೆಯ ಮೇಲೆ. ಆದರೆ ಸೋಮನಾಥ ವೆರಾವಲ್ ಪಕ್ಕದಲ್ಲೇ. ಅವ್ವಾರಿಗೆ ಸೋಮನಾಥನ ದರ್ಶನವೂ ಆಗುತ್ತದೆ, ಮರುದಿನ ದಿಯುವೂ ಆಗುತ್ತದೆ. ರೈಲಿನಲ್ಲಿ ಕೆಳಗಿನ ಬರ್ತ್ ಸಿಗದಿದ್ದರೆ ದಿನ ಮುಂದಕ್ಕೆ ಹಾಕಿ, ಹೊರಡಬೇಡಿ. ಗುಜರಾತಿನ ಬಿಸಿಲು ಏರುವ ಮುಂಚೆ, ಫೆಬ್ರವರಿಯೊಳಗೆ ಹೋಗಿ ಬಂದರೆ ಒಳ್ಳೆಯದು. ಸ್ಮಾರಕಕ್ಕೆ ಸಾಯಂಕಾಲ ಬಿಸಿಲು ತಗ್ಗಿದ ಮೇಲೆ ಹೋಗಿ, ಅವ್ವಾರಿಗೆ ಕೂರಲು ಒಂದು ಮಡಚುವ ಕುರ್ಚಿ ಜೊತೆಗಿರಲಿ.